ಪ್ಲೇಟಿನಲ್ಲಿ 3 ಟನ್, ಎತ್ತಿದ್ದು 2.6 ಟನ್, ಆದರೂ ಹಿಂದಿನ ಚಕ್ರ ಎದ್ದಿದ್ದೇಕೆ?

ಪ್ರಶ್ನೆ: ನೆಲಮಂಗಲದ ಹತ್ತಿರ ಒಂದು ಗೋಡೌನಿನಲ್ಲಿ ಸೂಪರ್‌ವೈಸರ್ ಆಗಿದ್ದೇನೆ. ನಮ್ಮಲ್ಲಿರುವುದು 3 ಟನ್ನಿನ ಡೀಸೆಲ್ ಫೋರ್ಕ್‌ಲಿಫ್ಟ್, ಸೆಕೆಂಡ್ ಹ್ಯಾಂಡ್ ಕೊಂಡದ್ದು. ಕಳೆದ ವಾರ ಒಂದು ಮೆಷಿನ್ ಕ್ರೇಟ್ ಎತ್ತುವಾಗ ಹಿಂದಿನ ಚಕ್ರ ನೆಲ ಬಿಟ್ಟಿತು. ಪ್ಯಾಕಿಂಗ್ ಲಿಸ್ಟಿನ ಪ್ರಕಾರ ತೂಕ 2,600 ಕೆಜಿ, ಕ್ರೇಟಿನ ಆಳ 1.4 ಮೀಟರ್. ಇಬ್ಬರು ಹಮಾಲರನ್ನು ಹಿಂದೆ ಕೂರಿಸಿ ಹೇಗೋ ಕೆಲಸ ಮುಗಿಸಿದೆವು. ಗಾಡಿಯಲ್ಲೇ ದೋಷವಿದೆಯೇ? ರ್ಯಾಂಪಿನ ಮೇಲೆ ಹೇಗೆ ಓಡಿಸಬೇಕು ಎಂಬುದರಲ್ಲೂ ನಮ್ಮ ಇಬ್ಬರು ಆಪರೇಟರುಗಳದ್ದು ಎರಡು ಮಾತು. ಹೊಸ ಹುಡುಗನೊಬ್ಬ ಸೇರಿದ್ದಾನೆ, ಕಾರಿನ ಲೈಸೆನ್ಸ್ ಇದೆ. ಅವನಿಗೆ ಗಾಡಿ ಕೊಡಬಹುದೇ, ಏನೇನು ಕಲಿಸಬೇಕು?

ಉತ್ತರ: ನೀವು ಹೇಳಿದ ಲಕ್ಷಣಕ್ಕೆ ಗಾಡಿಯ ದೋಷ ಬೇಕಾಗಿಯೇ ಇಲ್ಲ. ಗಾಡಿಗೆ ಬಡಿದಿರುವ ಸಾಮರ್ಥ್ಯದ ಪ್ಲೇಟನ್ನು ಅರ್ಧ ಮಾತ್ರ ಓದಿದ್ದೀರಿ. 3,000 ಕೆಜಿ ಎಂಬುದರ ಪಕ್ಕದಲ್ಲೇ ಇನ್ನೊಂದು ಅಂಕಿ ಇರುತ್ತದೆ: ಲೋಡ್ ಸೆಂಟರ್ 500 ಮಿ.ಮೀ. ಎರಡನ್ನೂ ಸೇರಿಸಿ ಓದಿದರೆ ಮಾತ್ರ ಅರ್ಥ. ಫೋರ್ಕಿನ, ಅಂದರೆ ಸರಕಿನ ಕೆಳಗೆ ತೂರುವ ಎಲ್ ಆಕಾರದ ಕಬ್ಬಿಣದ ಕೈಯ, ನೆಟ್ಟಗಿನ ಮುಖದಿಂದ ಅರ್ಧ ಮೀಟರ್ ದೂರದಲ್ಲಿ ಸರಕಿನ ಭಾರಕೇಂದ್ರ ಇದ್ದರೆ 3,000 ಕೆಜಿ, ಅದಕ್ಕಿಂತ ದೂರ ಹೋದರೆ ಅಷ್ಟು ಇಲ್ಲ. 1 ಟನ್ನಿನಿಂದ 5 ಟನ್ನಿನ ಒಳಗಿನ ಗಾಡಿಗಳಿಗೆ ಸಾಮಾನ್ಯವಾಗಿ ಈ 500 ಮಿ.ಮೀ. ಅಳತೆಯೇ ಇರುತ್ತದೆ.

ಫೋರ್ಕ್‌ಲಿಫ್ಟ್ ಕೆಲಸ ಮಾಡುವುದು ಹಳೆಯ ಏತದ ಹಾಗೆ. ಮುಂದಿನ ಚಕ್ರವೇ ಕಂಬ, ಒಂದು ಕಡೆ ಸರಕು, ಇನ್ನೊಂದು ಕಡೆ ಸರಕನ್ನು ತೂಗಲು ಹಿಂದೆ ಇಟ್ಟ ಭಾರ, ಅಂದರೆ ಕೌಂಟರ್‌ವೇಟ್. ಆದ್ದರಿಂದ ದೂರವನ್ನು ಅಳೆಯಬೇಕಾದ್ದು ಮುಂದಿನ ಆಕ್ಸಲಿನಿಂದ. 3 ಟನ್ನಿನ ಗಾಡಿಗಳಲ್ಲಿ ಆಕ್ಸಲ್ ಮಧ್ಯದಿಂದ ಫೋರ್ಕಿನ ಮುಖಕ್ಕೆ ಸುಮಾರು 480 ಮಿ.ಮೀ. ಇರುತ್ತದೆ. ನಿಮ್ಮ ಗಾಡಿಯದ್ದು ಎಷ್ಟೆಂದು ಟೇಪು ಹಿಡಿದು ನೋಡಿ. ಅದಕ್ಕೆ 500 ಕೂಡಿಸಿದರೆ 0.98 ಮೀಟರ್. 3,000 ಕೆಜಿಯನ್ನು 0.98ರಿಂದ ಗುಣಿಸಿದರೆ 2,940 ಕೆಜಿ-ಮೀಟರ್. ಗಾಡಿಯ ನಿಜವಾದ ಮಿತಿ ಇದು.

ಈಗ ನಿಮ್ಮ ಕ್ರೇಟು. ಆಳ 1.4 ಮೀಟರ್, ಭಾರ ಸರಿಯಾಗಿ ನಡುವೆ ಇದೆ ಎಂದುಕೊಂಡರೆ ಭಾರಕೇಂದ್ರ 700 ಮಿ.ಮೀ. ದೂರ. 2,600 × 1.18 = 3,068. ಮಿತಿ ಇಲ್ಲೇ ದಾಟಿತು. ಈ ದೂರಕ್ಕೆ ನಿಮ್ಮ ಗಾಡಿ ಎತ್ತಬಹುದಾದ್ದು ಸುಮಾರು 2,490 ಕೆಜಿ ಅಷ್ಟೆ. ಆದರೂ ಇಷ್ಟಕ್ಕೇ ಹಿಂದಿನ ಚಕ್ರ ಏಳುವುದಿಲ್ಲ. ತಯಾರಿಸುವವರು ಬ್ರೇಕು, ಹೊಂಡ, ತಿರುವುಗಳ ಲೆಕ್ಕ ಹಿಡಿದು ಒಂದಷ್ಟು ಉಳಿಕೆ ಇಟ್ಟೇ ಅಂಕಿ ಕೊಟ್ಟಿರುತ್ತಾರೆ. ಚಕ್ರ ಎದ್ದಿತು ಎಂದರೆ ಆ ಉಳಿಕೆಯೂ ಮುಗಿದಿತ್ತು. ಹೀಗಾಗಲು ಹೆಚ್ಚು ಸಾಧ್ಯತೆ ಇರುವುದು ಮೆಷಿನ್ನಿನ ಭಾರವಾದ ಕಡೆ, ಅಂದರೆ ಮೋಟರ್, ಗೇರ್‌ಬಾಕ್ಸ್ ಇರುವ ಬದಿ, ಗಾಡಿಯಿಂದ ಆಚೆಗಿದ್ದಾಗ. ಭಾರಕೇಂದ್ರ ಈಚೆ ಬದಿಯಿಂದ 900 ಮಿ.ಮೀ. ದೂರ, ಫೋರ್ಕು ಒಳಗೆ ಪೂರ್ತಿ ಹೋಗದೆ 10 ಸೆಂ.ಮೀ. ಹೊರಗುಳಿದಿತ್ತು ಎಂದು ಹಿಡಿಯಿರಿ. ಒಟ್ಟು ದೂರ 1.48 ಮೀಟರ್, ಗುಣಿಸಿದರೆ 3,848. ಮಿತಿಗಿಂತ ಮೂರನೆಯ ಒಂದು ಪಾಲಿನಷ್ಟು ಹೆಚ್ಚು. ಇದರ ಮೇಲೆ ಮಾಸ್ಟ್, ಅಂದರೆ ಫೋರ್ಕು ಏರಿಳಿಯುವ ಮುಂದಿನ ಕಂಬ, ಒಂಚೂರು ಮುಂದಕ್ಕೆ ಬಾಗಿದ್ದರೆ ಮುಗಿಯಿತು.

ಸೆಕೆಂಡ್ ಹ್ಯಾಂಡ್ ಗಾಡಿ ಎಂದಿದ್ದೀರಿ. ಹಿಂದಿನ ಮಾಲೀಕರು ಸೈಡ್ ಶಿಫ್ಟರ್, ಅಂದರೆ ಫೋರ್ಕನ್ನು ಎಡಬಲಕ್ಕೆ ಸರಿಸುವ ಸಾಧನ, ಹಾಕಿಸಿದ್ದಾರೆಯೇ ನೋಡಿ. ಅದಕ್ಕೂ ತೂಕವಿದೆ, ಜೊತೆಗೆ ಫೋರ್ಕನ್ನು ಕೆಲವು ಸೆಂಟಿಮೀಟರ್ ಮುಂದಕ್ಕೆ ತಳ್ಳುತ್ತದೆ. ಅಟ್ಯಾಚ್‌ಮೆಂಟ್ ಹಾಕಿದ ಮೇಲೆ ಪ್ಲೇಟನ್ನೂ ಬದಲಿಸಬೇಕು, ಆದರೆ ಬದಲಿಸುವವರು ಕಡಿಮೆ. ಪ್ಲೇಟು ಅಳಿಸಿಹೋಗಿದ್ದರೆ ಮಾಡೆಲ್ ಮತ್ತು ಸೀರಿಯಲ್ ನಂಬರ್ ಕೊಟ್ಟು ಕಂಪನಿಯ ಡೀಲರಿಂದ ಹೊಸದು ತರಿಸಿ. ಮೇಲಿನ ಲೆಕ್ಕ ನಿಮಗೆ ಅಂದಾಜಿಗೆ, ಕೊನೆಯ ಮಾತು ಪ್ಲೇಟಿನದ್ದು. ಎತ್ತರ ಹೆಚ್ಚಾದಂತೆ ಎಷ್ಟು ಕಡಿಮೆ ಎತ್ತಬೇಕು ಎಂಬುದೂ ಅದರಲ್ಲೇ ಇರುತ್ತದೆ.

ಹಮಾಲರನ್ನು ಹಿಂದೆ ಕೂರಿಸುವ ವಿಷಯ. ಇದು ನಮ್ಮ ಗೋಡೌನುಗಳಲ್ಲಿ ಎಷ್ಟು ಸಾಮಾನ್ಯ ಎಂದರೆ ಯಾರಿಗೂ ತಪ್ಪು ಅನ್ನಿಸುವುದೇ ಇಲ್ಲ. ತಲಾ 65 ಕೆಜಿಯ ಇಬ್ಬರು, ಮುಂದಿನ ಆಕ್ಸಲಿನಿಂದ 2.2 ಮೀಟರ್ ಹಿಂದೆ ಕುಳಿತರೆ ಸಿಗುವುದು 286 ಕೆಜಿ-ಮೀಟರ್. ಆ ಕ್ರೇಟಿನ ದೂರದಲ್ಲಿ ಅದು 190 ಕೆಜಿಗೆ ಸಮ. ಎದ್ದ ಚಕ್ರ ನೆಲಕ್ಕೆ ತಾಗಲು ಅಷ್ಟು ಸಾಕು, ನಿಜ. ಆದರೆ ಗಾಡಿ ಚಲಿಸಬೇಕಲ್ಲ? 2,600 ಕೆಜಿಯ ಸರಕಿನ ಭಾರಕೇಂದ್ರ ನೆಲದಿಂದ 90 ಸೆಂ.ಮೀ. ಮೇಲಿದೆ ಎಂದುಕೊಳ್ಳಿ. ಮುಂದಕ್ಕೆ ಹೋಗುತ್ತ ಸಾಧಾರಣವಾಗಿ ಬ್ರೇಕ್ ಒತ್ತಿದರೂ, ಅಂದರೆ ಒಂದೊಂದು ಸೆಕೆಂಡಿಗೂ ವೇಗ ಸೆಕೆಂಡಿಗೆ 2 ಮೀಟರ್‌ನಷ್ಟು ಇಳಿದರೂ, ಸರಕು ಮುಂದಕ್ಕೆ ಮುಗ್ಗರಿಸುವ ಬಲ ಸುಮಾರು 475 ಕೆಜಿ-ಮೀಟರ್. ಇಬ್ಬರು ಕೊಟ್ಟದ್ದನ್ನು ಒಂದು ಬ್ರೇಕು ನುಂಗಿ ಇನ್ನಷ್ಟು ಕೇಳುತ್ತದೆ. ಆಗ ಹಿಂಭಾಗ ಎದ್ದು, ಕುಳಿತವರು ಕೆಳಗೆ ಬೀಳುತ್ತಾರೆ. ಮತ್ತೆ ಅದೇ ಹಿಂಭಾಗ ಕೆಳಗಿಳಿಯುವುದು ಅವರ ಮೇಲೆಯೇ.

ಇನ್ನೊಂದು ಅಪಾಯವನ್ನು ಆಪರೇಟರುಗಳು ಗಮನಿಸುವುದೇ ಇಲ್ಲ. ಫೋರ್ಕ್‌ಲಿಫ್ಟಿನ ಸ್ಟೀರಿಂಗ್ ಹಿಂದಿನ ಚಕ್ರಕ್ಕೆ. 3 ಟನ್ನಿನ ಗಾಡಿಯ ಸ್ವಂತ ತೂಕ 4 ಟನ್ನಿನ ಮೇಲೆ. ಪೂರ್ತಿ ಲೋಡು ಎತ್ತಿದಾಗ ಒಟ್ಟು 7 ಟನ್ ದಾಟುತ್ತದೆ, ಅದರಲ್ಲಿ ಹಿಂದಿನ ಆಕ್ಸಲಿಗೆ ಉಳಿಯುವುದು ಒಂದು ಟನ್ನಿಗೂ ಕಡಿಮೆ. ಸ್ವಲ್ಪ ಓವರ್‌ಲೋಡ್ ಆದರೂ ಗಾಡಿ ಮಗುಚುವುದಕ್ಕಿಂತ ಮೊದಲು ಸ್ಟೀರಿಂಗ್ ಕೈಬಿಡುತ್ತದೆ. "ಸ್ಟೀರಿಂಗ್ ಇವತ್ತು ಹಗುರ ಇದೆ" ಎಂದು ಆಪರೇಟರ್ ಹೇಳಿದರೆ ಖುಷಿಪಡಬೇಡಿ, ಲೋಡು ಇಳಿಸಲು ಹೇಳಿ. "ಎತ್ತಿತಲ್ಲ ಸಾರ್" ಎಂಬ ಮಾತಿಗೂ ಬೆಲೆ ಇಲ್ಲ. ಎತ್ತುವುದು ಹೈಡ್ರಾಲಿಕ್ ಪಂಪು. ಗಾಡಿ ನಿಲ್ಲುತ್ತದೋ ಬೀಳುತ್ತದೋ ಎಂಬುದು ಪಂಪಿಗೆ ಗೊತ್ತಾಗುವುದಿಲ್ಲ.

ಹಾಗಾದರೆ ಆ ಕ್ರೇಟನ್ನು ಎತ್ತುವುದು ಹೇಗೆ? ಮೊದಲು ಕ್ರೇಟಿನ ಸುತ್ತ ಒಂದು ಸುತ್ತು ಹಾಕಿ. ಒಳ್ಳೆಯ ಪ್ಯಾಕಿಂಗ್ ಆಗಿದ್ದರೆ ಪಕ್ಕದಲ್ಲಿ ವೃತ್ತದೊಳಗೆ ಅಡ್ಡ-ಉದ್ದ ಗೆರೆ ಎಳೆದ ಗುರುತು ಇರುತ್ತದೆ, ಅದೇ ಭಾರಕೇಂದ್ರ. ಆ ಗುರುತು ಹತ್ತಿರವಾಗುವ ಬದಿಯಿಂದ ಫೋರ್ಕು ಹಾಕಿ. ಮೇಲಿನ ಉದಾಹರಣೆಯಲ್ಲೇ ಎದುರು ಬದಿಯಿಂದ ಎತ್ತಿದರೆ ಭಾರಕೇಂದ್ರ 500 ಮಿ.ಮೀ. ದೂರಕ್ಕೆ ಬರುತ್ತದೆ, 2,600 × 0.98 = 2,548. ಅದೇ ಗಾಡಿ, ಅದೇ ಕ್ರೇಟು, ಮಿತಿಯ ಒಳಗೆ. ಕ್ರೇಟಿನ ಕೆಳಗಿನ ಸ್ಕಿಡ್, ಅಂದರೆ ಅಡಿಯ ಮರದ ಚೌಕಟ್ಟು, ಫೋರ್ಕು ತೂರಲು ಎರಡೂ ಕಡೆ ತೆರೆದಿರಬೇಕು, ಅಷ್ಟೆ. ಫೋರ್ಕಿನ ಹಿಮ್ಮಡಿ, ಅಂದರೆ ಎಲ್ ಆಕಾರದ ಮೂಲೆ, ಸರಕಿಗೆ ತಾಗುವವರೆಗೆ ಒಳಗೆ ಹೋಗಲಿ. 5 ಸೆಂ.ಮೀ. ಎತ್ತಿ ನಿಲ್ಲಿಸಿ, ಇನ್ನೊಬ್ಬರು ದೂರದಿಂದ ಹಿಂದಿನ ಟೈರು ನೋಡಲಿ. ಟೈರು ನೆಲದ ಮೇಲೆ ಉಬ್ಬಿ ಕೂತಿದ್ದರೆ ಸರಿ; ಉಬ್ಬು ಹೋಗಿ ಗುಂಡಗಾದರೆ ಇಳಿಸಿ. ಗುರುತೂ ಇಲ್ಲ, ಸ್ಕಿಡ್ಡೂ ಒಂದೇ ಕಡೆ ಎಂದಾದರೆ 5 ಟನ್ನಿನ ಗಾಡಿಯನ್ನೋ ಹೈಡ್ರಾ ಕ್ರೇನನ್ನೋ ಬಾಡಿಗೆಗೆ ತನ್ನಿ. ಮೆಷಿನ್ ಬಿದ್ದರೆ ಆಗುವ ನಷ್ಟದ ಮುಂದೆ ಅರ್ಧ ದಿನದ ಬಾಡಿಗೆ ಏನೂ ಅಲ್ಲ.

ಮುಂದಕ್ಕೆ ಮುಗ್ಗರಿಸುವುದು ಒಂದಾದರೆ ಪಕ್ಕಕ್ಕೆ ಮಗುಚುವುದು ಇನ್ನೊಂದು. ಜೀವ ತೆಗೆಯುವುದರಲ್ಲಿ ಎರಡನೆಯದೇ ಹೆಚ್ಚು ಕ್ರೂರ. ಗಾಡಿಗೆ ನಾಲ್ಕು ಚಕ್ರ ಇದ್ದರೂ ಅದು ನಿಂತಿರುವುದು ಮೂರು ಬಿಂದುಗಳ ಮೇಲೆ: ಮುಂದಿನ ಎರಡು ಚಕ್ರ, ಹಿಂದಿನ ಆಕ್ಸಲ್ ನಡುವಿನ ಪಿನ್. ಆ ತ್ರಿಕೋನದ ಒಳಗೆ ಒಟ್ಟು ಭಾರದ ಕೇಂದ್ರ ಇರುವವರೆಗೆ ಗಾಡಿ ನಿಲ್ಲುತ್ತದೆ. ಲೋಡು ಇಲ್ಲದಾಗ ಕೇಂದ್ರ ಹಿಂದಕ್ಕೆ, ತ್ರಿಕೋನದ ಚೂಪಾದ ತುದಿಯ ಕಡೆ ಸರಿಯುತ್ತದೆ. ಅಲ್ಲಿ ಅಗಲ ಕಡಿಮೆ. ಆದ್ದರಿಂದಲೇ ಖಾಲಿ ಗಾಡಿಯನ್ನು ಜೋರಾಗಿ ತಿರುಗಿಸಿದರೆ ಪಕ್ಕಕ್ಕೆ ಬೀಳುವುದು ಬೇಗ. ಹೊಸ ಹುಡುಗರು ಲೋಡು ಇರುವಾಗ ಹೆದರಿ ನಿಧಾನ ಓಡಿಸುತ್ತಾರೆ, ಲೋಡು ಇಳಿಸಿದ ಮೇಲೆ ಹಾರಿಸಿಕೊಂಡು ಬರುತ್ತಾರೆ. ಬೈಯಬೇಕಾದ್ದು ಎರಡನೆಯದಕ್ಕೆ.

ಗಾಡಿ ಮಗುಚತೊಡಗಿದರೆ ಹೊರಗೆ ಹಾರಬಾರದು. ಮನಸ್ಸು ಹೇಳುವುದು ಹಾರು ಎಂದೇ. ಆದರೆ ಹಾರಿದವನು ಬೀಳುವ ಜಾಗಕ್ಕೇ ತಲೆಯ ಮೇಲಿನ ಗಾರ್ಡಿನ ಕಬ್ಬಿಣದ ಕಂಬ ಬಂದು ಅಪ್ಪಳಿಸುತ್ತದೆ. ಸೀಟ್ ಬೆಲ್ಟ್ ಹಾಕಿರಬೇಕು, ಸ್ಟೀರಿಂಗ್ ಬಿಗಿಯಾಗಿ ಹಿಡಿದು, ಕಾಲು ಊರಿ, ಗಾಡಿ ಬೀಳುತ್ತಿರುವ ಕಡೆಗೆ ವಿರುದ್ಧವಾಗಿ ಬಾಗಬೇಕು. ಕೂತು ಓಡಿಸುವ ಗಾಡಿಗೆ ಈ ಮಾತು. ಹಿಂದಿನಿಂದ ಹತ್ತಿ ನಿಂತು ಓಡಿಸುವವುಗಳಲ್ಲಿ ಹಿಂದಕ್ಕೆ ಇಳಿಯುವುದೇ ಕ್ರಮ, ಅದಕ್ಕೆ ಆ ಗಾಡಿಯ ಮ್ಯಾನ್ಯುಯಲ್ ನೋಡಿ. ಬೆಲ್ಟನ್ನು ಸೀಟಿನ ಹಿಂದಕ್ಕೆ ಸಿಕ್ಕಿಸಿ ಅದರ ಮೇಲೆ ಕೂರುವ ಅಭ್ಯಾಸ ನಿಮ್ಮಲ್ಲೂ ಇರಬಹುದು, ಒಮ್ಮೆ ಹೋಗಿ ನೋಡಿ.

ರ್ಯಾಂಪಿನ ಜಗಳ. ನಿಮ್ಮ ಇಬ್ಬರು ಆಪರೇಟರುಗಳೂ ಬಹುಶಃ ಅರ್ಧರ್ಧ ಸರಿ. ಲೋಡು ಇದ್ದಾಗ ಸರಕು ಯಾವಾಗಲೂ ಏರಿನ ಕಡೆಗಿರಬೇಕು: ಹತ್ತುವಾಗ ಮುಂದಕ್ಕೆ, ಇಳಿಯುವಾಗ ರಿವರ್ಸಿನಲ್ಲಿ. ಖಾಲಿ ಇದ್ದಾಗ ಇದು ತಲೆಕೆಳಗು, ಫೋರ್ಕು ಇಳಿಜಾರಿನ ಕಡೆಗಿರಬೇಕು: ಹತ್ತುವಾಗ ರಿವರ್ಸ್, ಇಳಿಯುವಾಗ ಮುಂದಕ್ಕೆ. ಖಾಲಿ ಗಾಡಿಯ ಭಾರವೆಲ್ಲ ಹಿಂದೆ, ಬ್ರೇಕು ಮತ್ತು ಎಂಜಿನ್ನಿನ ಎಳೆತ ಮಾತ್ರ ಮುಂದಿನ ಚಕ್ರಕ್ಕೆ. ಕೌಂಟರ್‌ವೇಟ್ ಮೇಲಿನ ಕಡೆಗಿದ್ದರೆ ಮುಂದಿನ ಚಕ್ರದ ಮೇಲೆ ಭಾರ ಬಿದ್ದು ಹಿಡಿತ ಸಿಗುತ್ತದೆ. ಲೋಡು ಇರಲಿ ಬಿಡಲಿ, ರ್ಯಾಂಪಿನ ಮೇಲೆ ತಿರುಗಿಸಬಾರದು, ಓರೆಯಾಗಿ ಹತ್ತಬಾರದು, ಕೆಳಗೋ ಮೇಲೋ ಸಮತಟ್ಟಿಗೆ ಬಂದು ನೇರ ಮಾಡಿಕೊಂಡೇ ಹೊರಡಬೇಕು. ಮಳೆಗಾಲದಲ್ಲಿ ರ್ಯಾಂಪಿನ ಬುಡದಲ್ಲಿ ಕೂರುವ ಕೆಸರು ಮತ್ತು ಡೀಸೆಲ್ ಕಲೆಯನ್ನು ತೊಳೆಸಿ; ಲೋಡು ಹೊತ್ತು ರಿವರ್ಸಿನಲ್ಲಿ ಇಳಿಯುವಾಗ ಜಾರುವುದು ಅಲ್ಲೇ.

ಹೊಸ ಹುಡುಗನಿಗೆ ಮೊದಲು ಕಲಿಸಬೇಕಾದ್ದು ಓಡಿಸುವುದಲ್ಲ, ನಿಲ್ಲಿಸಿ ಎತ್ತುವುದು. ಪ್ಯಾಲೆಟ್ಟಿನ ಎದುರು ಒಂದಡಿ ದೂರದಲ್ಲಿ ನೇರಕ್ಕೆ ನಿಲ್ಲಿಸಲಿ. ಮಾಸ್ಟ್ ನೆಟ್ಟಗೆ, ಫೋರ್ಕು ಮಟ್ಟಸ, ಎರಡು ಫೋರ್ಕುಗಳ ನಡುವೆ ಪ್ಯಾಲೆಟ್ ಎಷ್ಟು ಬಿಡುತ್ತದೋ ಅಷ್ಟು ಅಂತರ, ಎರಡರ ಲಾಕ್ ಪಿನ್ ಬಿದ್ದಿರಬೇಕು. ಫೋರ್ಕಿನ ಉದ್ದ ಸರಕಿನ ಆಳದ ಮೂರನೆಯ ಎರಡು ಪಾಲಾದರೂ ಇರಬೇಕು. ಸರಕಿನ ಆಳಕ್ಕಿಂತ ಹೆಚ್ಚಾದರೆ ತುದಿ ಆಚೆಗೆ ಚಾಚಿ ಹಿಂದಿನ ಪ್ಯಾಲೆಟ್ಟನ್ನು ಚುಚ್ಚುತ್ತದೆ. ಒಳಗೆ ಹಾಕಿ, ಅರ್ಧ ಗೇಣು ಎತ್ತಿ, ಮಾಸ್ಟ್ ಹಿಂದಕ್ಕೆ ಬಾಗಿಸಿ, ಎರಡೂ ಹೆಗಲ ಮೇಲಿಂದ ಹಿಂದೆ ನೋಡಿ, ಆಮೇಲೆ ರಿವರ್ಸ್. ಸಾಗಿಸುವಾಗ ಫೋರ್ಕು ನೆಲದಿಂದ 10–15 ಸೆಂ.ಮೀ. ಮೇಲೆ, ಅದಕ್ಕಿಂತ ಎತ್ತರ ಬೇಡ. ಸರಕು ಕಣ್ಣಿಗೆ ಅಡ್ಡ ಬಂದರೆ ರಿವರ್ಸಿನಲ್ಲೇ ಹೋಗಬೇಕು. ಪಕ್ಕದಿಂದ ಇಣುಕುತ್ತ ಮುಂದಕ್ಕೆ ಓಡಿಸುವುದು ಬೇಡವೇ ಬೇಡ.

ರ್ಯಾಕಿಗೆ ಎತ್ತುವುದನ್ನು ಕೊನೆಗೆ ಕಲಿಸಿ, ಏಕೆಂದರೆ ಮೇಲೆ ಹೋದಂತೆ ಸಣ್ಣದು ದೊಡ್ಡದಾಗುತ್ತದೆ. ಮುಂದಿನ ಎರಡು ಚಕ್ರಗಳ ನಡುವೆ 1 ಮೀಟರ್ ಅಂತರ ಎಂದುಕೊಳ್ಳಿ. ಒಂದು ಚಕ್ರ 20 ಮಿ.ಮೀ. ಆಳದ ಗುಂಡಿಯಲ್ಲಿ ನಿಂತರೆ 4.5 ಮೀಟರ್ ಮೇಲಿರುವ ಸರಕು 9 ಸೆಂ.ಮೀ. ಪಕ್ಕಕ್ಕೆ ವಾಲುತ್ತದೆ. ಎರಡು ಸೆಂಟಿಮೀಟರ್ ಗುಂಡಿ ಎಂದರೆ ಸಿಮೆಂಟು ಕಿತ್ತ ಒಂದು ಜಾಯಿಂಟು, ಅಷ್ಟೆ. ರ್ಯಾಕಿನ ಮುಂದಿನ ನೆಲ ರಿಪೇರಿ ಮಾಡಿಸದೆ ಆಪರೇಟರನ್ನು ದೂರುವುದರಲ್ಲಿ ಅರ್ಥವಿಲ್ಲ. ಮಾಸ್ಟನ್ನು ಮುಂದಕ್ಕೆ ಬಾಗಿಸುವುದು ಸರಕು ರ್ಯಾಕಿನ ಮೇಲೆ ಬಂದ ಮೇಲೆಯೇ, ಅದೂ ಬೇಕಾದಷ್ಟೇ. ಸರಕನ್ನು ಎತ್ತರಕ್ಕೆ ಎತ್ತಿಕೊಂಡು ಗಾಡಿ ಓಡಿಸುವುದು, ತಿರುಗಿಸುವುದು ಸಲ್ಲದು.

ಗಾಡಿಯ ಸುತ್ತ ಓಡಾಡುವವರ ವಿಷಯಕ್ಕೆ ಬನ್ನಿ. ಕಾರು ಓಡಿಸಿದ ಹುಡುಗನಿಗೆ ಮೊದಲು ತಪ್ಪುವುದು ಇಲ್ಲೇ: ಹಿಂದಿನ ಚಕ್ರ ತಿರುಗುವುದರಿಂದ ಗಾಡಿಯ ಹಿಂಭಾಗ ತಿರುವಿನಲ್ಲಿ ಹೊರಕ್ಕೆ ಬೀಸುತ್ತದೆ. ಗೋಡೆಗೋ ರ್ಯಾಕಿಗೋ ಒರಗಿ ನಿಂತವರನ್ನು ಅಮುಕುವುದು ಈ ಬೀಸು. ಗಂಟೆಗೆ 10 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡಿನಲ್ಲಿ ಗಾಡಿ 2.8 ಮೀಟರ್ ಹೋಗಿರುತ್ತದೆ. ಆಪರೇಟರ್ ಕಂಡು, ಒತ್ತಿ, ಗಾಡಿ ನಿಲ್ಲುವಷ್ಟರಲ್ಲಿ 5 ಮೀಟರ್ ಹತ್ತಿರ ಬೇಕು, ಧೂಳಿನ ನೆಲದಲ್ಲಿ ಇನ್ನೂ ಹೆಚ್ಚು. ಜನ ಓಡಾಡುವ ಕಡೆ ನಡಿಗೆಯ ವೇಗ ಮೀರಬಾರದು. ಹಳದಿ ಗೆರೆ ಎಳೆದರೆ ಸಾಲದು. ಆ ಗೆರೆಯ ಮೇಲೆ ನೀವೇ ಕಾರ್ಟನ್ ಪೇರಿಸಿದರೆ ಜನ ಗಾಡಿಯ ದಾರಿಗೆ ಇಳಿಯುತ್ತಾರೆ. ಅಡ್ಡದಾರಿಗಳಲ್ಲಿ ನಿಂತು ಹಾರ್ನ್. ಹೆಲ್ಪರ್ ಸರಕನ್ನು ಕೈಯಲ್ಲಿ ಒತ್ತಿ ಹಿಡಿದು ಪಕ್ಕದಲ್ಲಿ ನಡೆಯುವುದನ್ನು ನಿಲ್ಲಿಸಿ. ಕೈ ಹಿಡಿಯಬೇಕಾದಷ್ಟು ಅಲುಗುವ ಸರಕಾಗಿದ್ದರೆ ಪಟ್ಟಿ ಬಿಗಿದಿಲ್ಲ ಎಂದರ್ಥ. ಎತ್ತಿದ ಫೋರ್ಕಿನ ಕೆಳಗೆ ಯಾರೂ ಹೋಗಬಾರದು. ಊಟದ ಹೊತ್ತಿನಲ್ಲಿ ಹಮಾಲರು ತಂಪಿಗೆಂದು ಪ್ಯಾಲೆಟ್ ಸಾಲಿನ ಹಿಂದೆ ಮಲಗುತ್ತಾರೆ. ಊಟ ಮುಗಿದು ಗಾಡಿ ಮೊದಲ ಸಲ ಸ್ಟಾರ್ಟ್ ಮಾಡುವ ಮುಂಚೆ ಒಬ್ಬರು ಅಲ್ಲೆಲ್ಲ ನಡೆದು ನೋಡಲಿ.

ಫೋರ್ಕಿನ ಮೇಲೆ ಪ್ಯಾಲೆಟ್ ಇಟ್ಟು ಅದರ ಮೇಲೆ ಮನುಷ್ಯನನ್ನು ನಿಲ್ಲಿಸಿ ಬಲ್ಬು ಹಾಕಿಸುವುದಕ್ಕೆ ನನ್ನ ಉತ್ತರ ಒಂದೇ, ಬೇಡ. ಏಣಿ ಅಥವಾ ಸಿಸರ್ ಲಿಫ್ಟ್ ತನ್ನಿ.

ಲೋಡಿಂಗ್ ಬೇಯಲ್ಲಿ ಲಾರಿಯೊಳಗೆ ಗಾಡಿ ನುಗ್ಗಿಸುತ್ತೀರಾದರೆ ಲಾರಿಯ ಚಕ್ರಕ್ಕೆ ಎರಡೂ ಕಡೆ ಅಡ್ಡಗಟ್ಟೆ ಹಾಕಿ, ಲಾರಿ ಡ್ರೈವರನ ಕೀ ನಿಮ್ಮ ಟೇಬಲ್ಲಿಗೆ ಬರಲಿ. ಫೋರ್ಕ್‌ಲಿಫ್ಟ್ ಇನ್ನೂ ಒಳಗಿರುವಾಗ ಲೋಡಿಂಗ್ ಮುಗಿಯಿತೆಂದು ಡ್ರೈವರ್ ಲಾರಿ ಎಳೆದರೆ ಗಾಡಿ ಸಂದಿಗೆ ಬೀಳುತ್ತದೆ. ಎಂಜಿನ್ ಭಾಗ ಕಳಚಿ ನಿಲ್ಲಿಸಿದ ಟ್ರೈಲರ್ ಆಗಿದ್ದರೆ ಮೂಗಿನ ಕೆಳಗೆ ಜ್ಯಾಕ್ ಕೊಡದೆ ಒಳಗೆ ಹೋಗಬೇಡಿ. 7 ಟನ್ ಭಾರ, ಅದರಲ್ಲಿ ಬಹುಪಾಲು ಎರಡೇ ಮುಂದಿನ ಚಕ್ರದ ಮೇಲೆ, ಹಳೆಯ ಲಾರಿಯ ಹಲಗೆಗೆ ಎಷ್ಟು ತಡೆಯುವ ಶಕ್ತಿ ಇದೆ ಎಂದು ಕೆಳಗಿನಿಂದ ಬಗ್ಗಿ ನೋಡುವುದು ಅವಮಾನವೇನಲ್ಲ. ಷಟರ್ ಎಳೆದ ಗೋಡೌನಿನಲ್ಲಿ ಡೀಸೆಲ್ ಗಾಡಿ ಓಡಿಸುವುದೂ ಬೇಡ. ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ, ಅದಕ್ಕೆ ವಾಸನೆ ಇಲ್ಲ.

ಬೆಳಗಿನ ತಪಾಸಣೆ ಹತ್ತು ನಿಮಿಷದ ಕೆಲಸ. ಟೈರು, ವೀಲ್ ನಟ್ಟು, ನೆಲದ ಮೇಲೆ ಎಣ್ಣೆಯ ಕಲೆ, ಹಾರ್ನ್, ರಿವರ್ಸ್ ಬಜರ್, ಬ್ರೇಕು, ಹ್ಯಾಂಡ್ ಬ್ರೇಕು, ಬೆಲ್ಟು ಇವೆಲ್ಲ ಸುಲಭಕ್ಕೆ ಕಾಣುತ್ತವೆ. ಕಾಣದ್ದು ಫೋರ್ಕಿನ ಸವೆತ. ನೆಲಕ್ಕೆ ಉಜ್ಜಿ ಉಜ್ಜಿ ಹಿಮ್ಮಡಿಯ ಹತ್ತಿರ ಕಬ್ಬಿಣ ತೆಳುವಾಗುತ್ತದೆ. ಮೂಲ ದಪ್ಪದ ಶೇ. 10 ಸವೆದರೆ, ಅಂದರೆ 40 ಮಿ.ಮೀ. ಇದ್ದದ್ದು 36 ಆದರೆ, ಶಕ್ತಿ ಸುಮಾರು ಶೇ. 20 ಕಳೆದುಹೋಗಿರುತ್ತದೆ, ಫೋರ್ಕು ಬದಲಿಸಬೇಕು. ಸವೆಯದ ನೆಟ್ಟಗಿನ ಭಾಗದ ದಪ್ಪವನ್ನು ಕ್ಯಾಲಿಪರಿನಿಂದ ಅಳೆದು ಮೂಲ ದಪ್ಪ ಎಂದು ಹಿಡಿಯಿರಿ. ಎರಡು ತುದಿಗಳ ಎತ್ತರದಲ್ಲಿ ಉದ್ದದ ಶೇ. 3ಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೂ ತೆಗೆಯಬೇಕು, 1,070 ಮಿ.ಮೀ. ಫೋರ್ಕಿಗೆ ಅದು 32 ಮಿ.ಮೀ. ಹಿಮ್ಮಡಿಯಲ್ಲಿ ಬಿರುಕು ಕಂಡರೆ ಪಕ್ಕದ ವೆಲ್ಡಿಂಗ್ ಅಂಗಡಿಗೆ ಒಯ್ಯಬೇಡಿ. ಶಾಖ ಕೊಟ್ಟು ಹದ ಮಾಡಿದ ಉಕ್ಕು ಅದು, ವೆಲ್ಡ್ ಮಾಡಿದ ಪಕ್ಕದಲ್ಲೇ ಮತ್ತೆ ತುಂಡಾಗುತ್ತದೆ. ಮಾಸ್ಟಿನ ಚೈನು ಎರಡೂ ಒಂದೇ ಬಿಗಿಯಲ್ಲಿರಬೇಕು, ಶೇ. 3 ಹಿಗ್ಗಿದರೆ ಹೊಸದು. ಹೈಡ್ರಾಲಿಕ್ ಹೋಸಿನ ಸೋರಿಕೆಯನ್ನು ಬೆರಳಿನಿಂದ ಹುಡುಕಬಾರದು: ಸೂಜಿಮೊನೆಯಷ್ಟು ರಂಧ್ರದಿಂದ ಬರುವ ಎಣ್ಣೆ ಚರ್ಮದೊಳಗೆ ನುಗ್ಗುತ್ತದೆ, ಅದು ಆಸ್ಪತ್ರೆಯ ತುರ್ತು ಕೇಸು. ರಟ್ಟಿನ ತುಂಡು ಹಿಡಿದು ನೋಡಿ.

ಕೊನೆಗೆ ಲೈಸೆನ್ಸ್. ಕಾರಿನ ಲೈಸೆನ್ಸ್ ಇದ್ದರೆ ಅವನಿಗೆ ರಸ್ತೆಯ ನಿಯಮ ಗೊತ್ತು ಎಂದಷ್ಟೇ ಅರ್ಥ. ಗಾಡಿಯ ಡೀಲರ್ ಅಥವಾ ತರಬೇತಿ ಸಂಸ್ಥೆಯ ಕೋರ್ಸ್ ಮುಗಿಸಿ, ನಿಮ್ಮ ಗೋಡೌನಿನಲ್ಲೇ, ನಿಮ್ಮ ರ್ಯಾಂಪಿನ ಮೇಲೆ, ಅನುಭವಿ ಆಪರೇಟರ್ ಎದುರು ಪರೀಕ್ಷೆ ಕೊಟ್ಟ ಮೇಲೆ ಮ್ಯಾನೇಜ್‌ಮೆಂಟ್ ಬರವಣಿಗೆಯಲ್ಲಿ ಅನುಮತಿ ಕೊಡಲಿ. ಗೇಟು ದಾಟಿ ಸಾರ್ವಜನಿಕ ರಸ್ತೆಗೆ ಗಾಡಿ ಹೋಗುವುದಾದರೆ ಮೋಟಾರು ವಾಹನ ನಿಯಮ ಬೇರೆಯಾಗಿ ಅನ್ವಯಿಸುತ್ತದೆ. ಆ ನಿಯಮಗಳಲ್ಲಿ ಫೋರ್ಕ್‌ಲಿಫ್ಟ್ ನಿರ್ಮಾಣ ಯಂತ್ರವಾಹನಗಳ ಪಟ್ಟಿಯಲ್ಲಿದೆ, ಆರ್‌ಟಿಒದಲ್ಲಿ ವಿಚಾರಿಸಿ. ನಿಮ್ಮ ಜಾಗ ಕಾರ್ಖಾನೆಯಾಗಿ ನೋಂದಾಯಿತವಾಗಿದ್ದರೆ ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆ ಮಾನ್ಯ ಮಾಡಿದ ಕಂಪಿಟೆಂಟ್ ಪರ್ಸನ್ ಒಬ್ಬರಿಂದ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ ವರದಿ ಇಟ್ಟುಕೊಳ್ಳಿ. ಆ ಪರೀಕ್ಷೆಗೆ ಬಂದವರಿಗೆ ಹಿಂದಿನ ಚಕ್ರ ಎದ್ದ ವಿಷಯ ಮುಚ್ಚಿಡದೆ ಹೇಳಿ, ಆ ದಿನ ಫೋರ್ಕು, ಚೈನು ಮತ್ತು ಮಾಸ್ಟಿನ ರೋಲರುಗಳಿಗೆ ಮಿತಿಮೀರಿದ ಭಾರ ಬಿದ್ದಿದೆ; ಅವರು ಅಲ್ಲಿ ಬಿರುಕು ಹುಡುಕುವ ಪುಡಿ-ಬಣ್ಣದ ಪರೀಕ್ಷೆಯನ್ನೂ ಮಾಡಬೇಕಾಗುತ್ತದೆ. ಅದಾಗುವವರೆಗೆ ಆ ಗಾಡಿಗೆ ಮಾಮೂಲು ಹಗುರ ಪ್ಯಾಲೆಟ್ಟುಗಳನ್ನೂ ಕೊಡದೆ ಕೀ ನಿಮ್ಮ ಡ್ರಾಯರಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.